ನಳ ಬರೂ ದಿನ ಬ್ಯಾರಲ್ ತಿಕ್ಕರಿ, ಜ್ವರ ಇಳಿಯೂ ದಿನ ಕಣ್ಣಿಡ್ರಿ: ಡೆಂಗ್ಯೂ ಬಗ್ಗೆ ಹುಬ್ಬಳ್ಳಿ-ಧಾರವಾಡದ ಮನಿಗಳಿಗೆ

ಮಿರಗದ ಮಳಿ ಶುರುವಾದ್ರ ಸಾಕು, ಅಲ್ಲಿಂದ ದೀಪಾವಳಿತನ ನಮ್ಮ ಕಡೆ ಯಾವ ದವಾಖಾನಿಗೆ ಹೋದ್ರೂ ಜ್ವರದವರ ಪಾಳಿ ಇರತೈತಿ. ಟೈಫಾಯ್ಡ್, ಮಲೇರಿಯಾ, ಚಿಕೂನ್‌ಗುನ್ಯಾ, ಸುಮ್ನ ವೈರಲ್ ಅನ್ನೂವು, ಎಲ್ಲಾ ಅದರಾಗ ಇರತಾವು, ಆದ್ರ ಇವತ್ತ ನಾ ಬರಿಯೂದು ಮುಖ್ಯವಾಗಿ ಡೆಂಗ್ಯೂ ಬಗ್ಗೆ, ಯಾಕಂದ್ರ ಈ ರೋಗಕ್ಕೂ ನಮ್ಮ ಊರಿನ ನೀರಿನ ಕಷ್ಟಕ್ಕೂ ನೇರ ಸಂಬಂಧ ಐತಿ ಮತ್ತ ಇದನ್ನ ತಡಿಯೂ ಕೆಲಸದಾಗ ದೊಡ್ಡ ಪಾಲು ನಮ್ಮ ಬಚ್ಚಲದಾಗ, ಹಿತ್ತಲದಾಗ, ಮಾಳಗಿ ಮ್ಯಾಲನ ಆಗಬೇಕು.

ಎರಡ ಲೆಕ್ಕ ಇಟ್ಕೊಳ್ರಿ. ಒಂದು ನೀರಿನ ದಿನದ ಲೆಕ್ಕ, ಇನ್ನೊಂದು ಜ್ವರದ ದಿನದ ಲೆಕ್ಕ. ಗ್ವಾಡಿ ಮ್ಯಾಲಿನ ಕ್ಯಾಲೆಂಡರದಾಗ ಪೆನ್ನಿಲೆ ಗುರುತ ಹಾಕಿದ್ರ ಆತು, ಬ್ಯಾರೆ ಖರ್ಚಿಲ್ಲ.

ಮೊದಲ ಯಾವ ಸೊಳ್ಳಿ ಅಂತ ತಿಳ್ಕೊಳ್ರಿ

ಓಣ್ಯಾಗ ಒಬ್ಬರಿಗೆ ಡೆಂಗ್ಯೂ ಆತಂದ್ರ ಎಲ್ಲಾರೂ ಮೊದಲ ಬೈಯೂದು ಗಟಾರಕ್ಕ. ಗಟಾರ ತುಂಬಿ ನಿಂತಿದ್ರ ಪಾಲಿಕೆಗೆ ಕಂಪ್ಲೇಂಟ್ ಕೊಡಬೇಕು, ಅದರಾಗ ಎರಡ ಮಾತಿಲ್ಲ, ಅಲ್ಲಿ ಹುಟ್ಟೂ ಸೊಳ್ಳಿ ರಾತ್ರಿ ನಿದ್ದಿ ಕೆಡಸತೈತಿ, ಆನೆಕಾಲು ರೋಗ ಹರಡೂದೂ ಅದ. ಆದ್ರ ಡೆಂಗ್ಯೂ ಹರಡೂ ಈಡಿಸ್ ಸೊಳ್ಳಿ ಗಟಾರದ ಹೊಲಸ ನೀರಾಗ ತತ್ತಿ ಇಡೂದು ಅಪರೂಪ. ಅದಕ್ಕ ಬೇಕಾಗೂದು ನಾವು ಬಳಸಾಕ ಅಂತ ತುಂಬಿಟ್ಟ ತಿಳಿ ನೀರು. ಕಾಲಿನ ಮ್ಯಾಲ, ಮೈಮ್ಯಾಲ ಬಿಳಿ ಪಟ್ಟಿ ಇರತಾವು, ಕಡಿಯೂದು ಹಗಲಿ, ಅದರಾಗೂ ಮುಂಜಾನೆ ಮತ್ತ ಹೊತ್ತು ಮುಳುಗೂಕಿಂತ ಮೊದಲ ಭಾಳ. ಭಾಳ ದೂರ ಹಾರಂಗಿಲ್ಲ, ಹುಟ್ಟಿದ ಜಾಗದಿಂದ ನೂರ ಇನ್ನೂರ ಮೀಟರಿನೊಳಗ ಜೀವನ ಮುಗಸತೈತಿ. ಅಂದ್ರ ನಿಮ್ಮ ಮನ್ಯಾಗ ಯಾರಿಗರ ಡೆಂಗ್ಯೂ ಆಗಿದ್ರ ಆ ಸೊಳ್ಳಿ ಬಹುತೇಕ ನಿಮ್ಮ ಮನ್ಯಾಗರ ಇಲ್ಲಾ ನಿಮ್ಮ ಓಣ್ಯಾಗರ ಹುಟ್ಟಿರತೈತಿ, ಇಲ್ಲಾಂದ್ರ ಸಾಲಿ, ಅಂಗಡಿ, ಕೆಲಸದ ಜಾಗದಾಗ.

ಈಗ ಲೆಕ್ಕ ನೋಡ್ರಿ. ತತ್ತಿ ಒಡದು, ಹುಳ ಆಗಿ, ರೆಕ್ಕಿ ಬಂದು ಹಾರಾಕ ನಮ್ಮ ಹವಾಕ್ಕ ಏಳರಿಂದ ಹತ್ತ ದಿನ ಸಾಕು. ನಮ್ಮಲ್ಲಿ ನೀರು ಹೆಂಗ ಬರತೈತಿ? ಹುಬ್ಬಳ್ಳಿ-ಧಾರವಾಡದಾಗ 2008ರಿಂದ ಕೆಲವು ವಾರ್ಡಿಗೆ 24 ತಾಸು ನೀರು ಶುರುವಾತು, ಆಮ್ಯಾಲ ಒಂದಿಷ್ಟು ವಾರ್ಡ್ ಕೂಡಿದ್ವು, ಉಳಿದ ಕಡೆ ನಾಕ ದಿನಕ್ಕ, ವಾರಕ್ಕ, ಬ್ಯಾಸಗಿಯಾಗ ಇನ್ನೂ ತಡ. ಗದಗ-ಬೆಟಗೇರಿ ಮಂದಿಗೆ ಈ ಕಷ್ಟ ಹೇಳಿಕೊಡೂದ ಬ್ಯಾಡ, ತುಂಗಭದ್ರಾ ನೀರು ಯಾವಾಗ ಬರತೈತಿ ಅಂತ ಕಾಯೂದ ಅವರ ಬದುಕಾಗೈತಿ. ಹಿಂಗ ಇದ್ದಾಗ ಬ್ಯಾರಲ್, ಹಂಡೆ, ಹರವಿ, ಕೊಡ, ಪ್ಲಾಸ್ಟಿಕ್ ಬಕೆಟ್, ಸಿಕ್ಕಿದ್ದರಾಗೆಲ್ಲಾ ನೀರು ತುಂಬಿ ಇಡತೇವಿ, ಮುಂದಿನ ನಳ ಬರೂತನ ಆ ನೀರು ಹಂಗ ನಿಂತಿರತೈತಿ, ಮತ್ತ ಹಳೆ ನೀರಿನ ಮ್ಯಾಲ ಹೊಸಾ ನೀರು ಬಿಟ್ಟಬಿಡತೇವಿ. ಸೊಳ್ಳಿಗೆ ಬೇಕಾದಷ್ಟು ದಿನ ನಾವ ಕೊಟ್ಟಂಗಾತು.

ಹೆಜ್ಜೆ ಒಂದು: ನಳ ಬರೂ ದಿನಾನ ತಿಕ್ಕೂ ದಿನ

ಆರೋಗ್ಯ ಇಲಾಖೆಯವ್ರು ವಾರಕ್ಕೊಮ್ಮೆ, ಶುಕ್ರವಾರ ಅಂತನೂ ಹೇಳತಾರ, ಎಲ್ಲಾ ನೀರಿನ ಪಾತ್ರೆ ಖಾಲಿ ಮಾಡಿ ಒಣಗಸ್ರಿ ಅಂತ. ಹೇಳೂದು ಸರಿ ಐತಿ. ಆದ್ರ ನಮ್ಮ ವಾರ್ಡಿಗೆ ನೀರು ಬರೂದು ಮಂಗಳವಾರ ಆಗಿದ್ರ ಶುಕ್ರವಾರ ಯಾವ ತಾಯಿ ಬ್ಯಾರಲ್ ಚೆಲ್ಲತಾಳ? ಲಾರ್ವಾ (ಸೊಳ್ಳಿ ಹುಳ) ಸರ್ವೆಕ್ಕ ಬಂದ ಆಶಾ ಕಾರ್ಯಕರ್ತೆ ಮತ್ತ ಮನಿ ಯಜಮಾನತಿ ನಡುವ ಈ ಮಾತು ಓಣಿ ಓಣ್ಯಾಗ ಕೇಳತೈತಿ:

"ಯವ್ವಾ, ಇದರಾಗ ಹುಳ ಅದಾವು ನೋಡ್ರಿ, ಚೆಲ್ಲಬೇಕ್ರಿ ಇದನ್ನ."

"ಚೆಲ್ಲಿದ್ರ ನಳ ಬರೂತನ ಏನ್ ಬಳಸೂದ ತಂಗಿ? ನೀ ಕೊಡ್ತಿ ಏನ್ ನೀರ?"

ಇಬ್ಬರದೂ ಖರೇನ. ಅದಕ್ಕ ನನ್ನ ಪ್ರಕಾರ ಶುಕ್ರವಾರದ ಹಠ ಹಿಡಿಯೂಕಿಂತ ನಿಮ್ಮ ಓಣಿಗೆ ನಳ ಬರೂ ದಿನಾನ ಒಣ ದಿನ ಮಾಡ್ಕೊಳ್ರಿ. ಹಿಂದಿನ ದಿನ ಸಂಜಿಕ ಬ್ಯಾರಲ್ ತಳಕ್ಕ ಬಂದಿರತೈತಿ, ಉಳಿದ ನೀರನ್ನ ಬಟ್ಟಿ ಒಗಿಯಾಕ, ಬಚ್ಚಲಾ ತೊಳಿಯಾಕ ಬಳಸಿ ಮುಗಸ್ರಿ. ಹುಳ ಕಂಡ್ರ ಗಾಬರಿ ಬ್ಯಾಡ, ಒಂದು ದಪ್ಪ ಪಂಚೆ ಎರಡ ಮಡಿಕಿ ಮಾಡಿ ಸೋಸಿ ಬ್ಯಾರೆ ಬಕೆಟ್‌ಗೆ ಹಾಕ್ರಿ, ಸಂಡಾಸಕ್ಕ ಬಳಸಾಕ ಆ ನೀರು ನಡಿತೈತಿ. ಪಂಚೆ ಮ್ಯಾಲ ಉಳಿದ ಹುಳ ಮತ್ತ ತಳದ ಗಸಿ ಒಣ ಮಣ್ಣಿನ ಮ್ಯಾಲ ಬಿಸಲಿಗೆ ಚೆಲ್ಲರಿ, ಗಟಾರಕ್ಕ ಬ್ಯಾಡ, ನಿಂತ ನೀರಾಗ ಅವು ಬದುಕಬಹುದು.

ಆಮ್ಯಾಲ ತಿಕ್ಕೂದು, ಇದನ್ನ ದಯವಿಟ್ಟು ಬಿಡಬ್ಯಾಡ್ರಿ. ಬರೇ ಖಾಲಿ ಮಾಡಿ ಮತ್ತ ತುಂಬಿದ್ರ ಏನೂ ಉಪಯೋಗ ಇಲ್ಲ, ಯಾಕಂದ್ರ ಈ ಸೊಳ್ಳಿ ತತ್ತಿ ಇಡೂದು ನೀರಿನ ಮ್ಯಾಲ ಅಲ್ಲ, ನೀರು ಮುಟ್ಟೂ ಗೆರಿಗಿಂತ ಸ್ವಲ್ಪ ಮ್ಯಾಲ, ಬ್ಯಾರಲ್ ಗ್ವಾಡಿಗೆ ಅಂಟಿಸಿ ಇಡತೈತಿ. ಒಂದ ಸಲಕ್ಕ ನೂರರ ಹತ್ತರ. ಕರ್ರಗ, ಸಾಸಿವಿಕಿಂತ ಸಣ್ಣು, ಬರೇ ಕಣ್ಣಿಗೆ ಧೂಳ ಅನಸತೈತಿ. ನೀರಿಲ್ಲದ ತಿಂಗಳಾನಗಟ್ಟಲೆ ಒಣಗಿ ಬಿದ್ದಿದ್ರೂ ಸಾಯಂಗಿಲ್ಲ, ಮತ್ತ ನೀರು ಮುಟ್ಟಿದ ಕೂಡಲೆ ಒಡಿತಾವು. ಹೋದ ವರ್ಷ ಮಾಳಗಿ ಮ್ಯಾಲ ಒಗದ ಬಕೆಟ್‌ನಾಗ ಈ ವರ್ಷದ ಮೊದಲ ಮಳಿಗೇ ಹುಳ ಆಗೂದು ಹಿಂಗ. ತೆಂಗಿನ ನಾರು ಇಲ್ಲಾ ಬಿರುಸು ಬ್ರಷ್ ತಗೊಂಡು, ಸೋಪಿನ ಪುಡಿ ಇಲ್ಲಾ ಸ್ವಲ್ಪ ಬ್ಲೀಚಿಂಗ್ ಪೌಡರ್ ಹಾಕಿ, ಆ ನೀರಿನ ಗೆರಿ ಇರೂ ಜಾಗಾನ ಸುತ್ತಲೂ ಒತ್ತಿ ತಿಕ್ಕರಿ. ಬ್ಯಾರಲ್ ಅಂಚಿನ ಮಡಿಕಿ ಒಳಗೂ ಬೆರಳ ಹಾಕಿ ತಿಕ್ಕರಿ. ತೊಳದು ಬೋರಲ ಹಾಕಿ ಒಣಗಲಿಕ್ಕ ಬಿಡ್ರಿ, ನಳ ಬರಾಕ ಇನ್ನೂ ಹೊತ್ತಿದ್ರ ಬಿಸಲಿಗೆ ಇಡ್ರಿ.

ತುಂಬಿದ ಮ್ಯಾಲ ಮುಚ್ಚೂದು. ಅರ್ಧ ಸರದ ತಗಡಿನ ಮುಚ್ಚಳ ಮುಚ್ಚಿದ್ರೂ ಒಂದ ಬಿಟ್ರೂ ಒಂದ. ಹಳೆ ಕಾಟನ್ ಸೀರಿ ಇಲ್ಲಾ ಪಂಚೆ ಬಾಯಿಗೆ ಬಿಗಿಯಾಗಿ ಎಳದು, ಹಳೆ ಸೈಕಲ್ ಟ್ಯೂಬಿನ ತುಂಡಿಲೆ ಕಟ್ಟರಿ, ಅದರ ಮ್ಯಾಲ ಮುಚ್ಚಳ. ಅರಿವಿ ನಡುವ ಜೋತು ಬಿದ್ದು ನೀರು ಮುಟ್ಟಬಾರದು, ಮುಟ್ಟಿದ್ರ ಹಸಿ ಅರಿವಿ ಮ್ಯಾಲನ ತತ್ತಿ ಇಡತೈತಿ. ನೀರು ತಗಿಯೂ ಮುಂದ ಬಿಚ್ಚಿ ಹಂಗ ಬಿಡೂದು ಹುಡುಗ್ರ ರೂಢಿ, ಅದಕ್ಕ ಬಳಸೂ ಬ್ಯಾರಲ್ ಒಂದ ಇಟ್ಕೊಂಡು ಉಳಿದವ್ನ ಕಟ್ಟಿ ಇಡೂದು ಚಲೋ.

ಸಿಮೆಂಟಿನ ನೀರಿನ ತೊಟ್ಟಿ, ಸಂಪು ಇದ್ರ ಖಾಲಿ ಮಾಡೂದು ಆಗದ ಮಾತು. ಅದಕ್ಕ ಗಪ್ಪಿ ಮೀನ ಬಿಡ್ರಿ, ಆರೋಗ್ಯ ಇಲಾಖೆಯವ್ರನ್ನ ಕೇಳಿದ್ರ ಗಪ್ಪಿ ಇಲ್ಲಾ ಗ್ಯಾಂಬೂಸಿಯಾ ಮೀನ ಎಲ್ಲಿ ಸಿಗತಾವಂತ ಹೇಳತಾರ, ಹುಳಾನ ಅವಕ್ಕ ಊಟ. ಮೀನ ಬ್ಯಾಡಾದ್ರ ಟೆಮಿಫಾಸ್ ಅನ್ನೂ ಔಷಧ ಐತಿ, ಆರೋಗ್ಯ ಸಿಬ್ಬಂದಿ ಅಳತಿ ಹಚ್ಚಿ ಹಾಕತಾರ, ಅವರ ಕಡಿಂದನ ಹಾಕಿಸ್ಕೊಳ್ರಿ, ಅಂದಾಜಿಲೆ ನೀವು ಸುರಿಯಬ್ಯಾಡ್ರಿ.

ವಾರದ ನಡುವ ಒಂದ ದಿನ ಸಂಜಿಕ ಮೊಬೈಲ್ ಟಾರ್ಚ್ ಹಚ್ಚಿ ಬ್ಯಾರಲ್ ಒಳಗ ಬಗ್ಗಿ ನೋಡ್ರಿ. ಮೊದಲ ಏನೂ ಕಾಣಂಗಿಲ್ಲ. ಒಂದ ಗಳಿಗಿ ತಡದು ಬ್ಯಾರಲ್‌ಗೆ ಬೆರಳಿಲೆ ಟಕ್ ಅಂತ ಹೊಡೀರಿ, ಮ್ಯಾಲ ತಲಿ ಕೆಳಗ ಮಾಡಿ ಜೋತಾಡಾಕತ್ತಿದ್ದ ಎಳಿಯಂಥ ಹುಳ ಒಮ್ಮೆಲೆ ಹೊಳ್ಳಾಡಕೋತ ತಳಕ್ಕ ಓಡತಾವು, ಸ್ವಲ್ಪ ಹೊತ್ತಿಗೆ ಉಸರಾಡಾಕ ಮತ್ತ ಮ್ಯಾಲ ಬರತಾವು. ಈ ಕೆಲಸ ಹುಡುಗ್ರಿಗೆ ಹಚ್ಚರಿ, ಒಮ್ಮೆ ಕಣ್ಣಿಲೆ ನೋಡಿದ ಹುಡುಗ ಮುಂದ ತಾನ ಓಣಿ ತುಂಬ ಹುಡುಕಕೋತ ಹೋಗತಾನ.

ಹೆಜ್ಜೆ ಎರಡು: ಬ್ಯಾರಲ್ ಬಿಟ್ಟು ಉಳಿದ ಜಾಗ

ಫ್ರಿಜ್ ಹಿಂದಿನ ಟ್ರೇ, ಬ್ಯಾಸಗಿ ಮುಗದ ಮ್ಯಾಲ ಮೂಲಿಗೆ ನೂಕಿದ ಕೂಲರ್, ಮನಿ ಪ್ಲಾಂಟ್ ಬಾಟಲಿ, ಹೂವಿನ ಕುಂಡಿ ಕೆಳಗಿನ ತಟ್ಟಿ, ಎಳನೀರ ಬುರಡಿ, ದನಕ್ಕ ನೀರ ಇಡೂ ಕಲ್ಲಿನ ಡೋಣಿ, ಪಂಕ್ಚರ್ ಅಂಗಡಿ ಮುಂದಿನ ಹಳೆ ಟಾಯರ್. ಟಾಯರ್ ಒಳಗಿನ ನೀರು ಹೊರಗ ಹಾಕೂದು ಕಷ್ಟ, ಅದಕ್ಕ ತೂತ ಹೊಡೀರಿ ಇಲ್ಲಾ ತಾಡಪಾಲ ಹೊದಿಸ್ರಿ. ಮನಿ ಕಟ್ಟಾಕತ್ತಿದ್ರ ಕ್ಯೂರಿಂಗ್ ನೀರು ನಿಲ್ಲೂ ಜಾಗ, ಲಿಫ್ಟ್ ಗುಂಡಿ ವಾರಕ್ಕೊಮ್ಮೆ ನೋಡಬೇಕು. 2024ರ ಸೆಪ್ಟೆಂಬರದಾಗ ರಾಜ್ಯ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿ ದಂಡನೂ ಇಟ್ಟೈತಿ, ಊರಾಗಿನ ಮನಿಗೆ 400 ರೂಪಾಯಿ, ಹಳ್ಯಾಗ 200, ಕಟ್ಟಡ ಕಟ್ಟೂ ಜಾಗಕ್ಕ ಊರಾಗ 2000 ತನಕ. ದಂಡಕ್ಕ ಅಂಜಿ ಅಲ್ಲ, ಪಕ್ಕದ ಮನಿ ಕೂಸಿನ ಸಲುವಾಗಿ ಮಾಡ್ರಿ.

ಫಾಗಿಂಗ್ ಬಗ್ಗೆ ಒಂದ ಮಾತು. ಹೊಗಿ ಗಾಡಿ ಬಂದ್ರ ಮಂದಿಗೆ ಸಮಾಧಾನ ಆಗತೈತಿ, ಆದ್ರ ಆ ಹೊಗಿ ಸಾಯಸೂದು ಆ ಹೊತ್ತಿಗೆ ಹಾರಾಡೂ ಸೊಳ್ಳಿನಷ್ಟ, ತತ್ತಿ ಹುಳಕ್ಕ ಏನೂ ಆಗಂಗಿಲ್ಲ, ನಾಳಿಗೆ ಬ್ಯಾರಲ್‌ನಿಂದ ಹೊಸವು ಏಳತಾವು. ಫಾಗಿಂಗ್ ಬೇಕು ಅಂತ ಕೇಳ್ರಿ, ಕೇಸ್ ಬಂದ ಓಣ್ಯಾಗ ಅದು ಬೇಕಾಗತೈತಿ, ಆದ್ರ ಅದನ್ನ ನಂಬಿ ತಿಕ್ಕೂದು ಬಿಡಬ್ಯಾಡ್ರಿ. ಮೈ ತುಂಬ ಅರಿವಿ, ಕಿಟಕಿಗೆ ಜಾಳಿಗಿ, ಹಗಲಿ ಮಲಗೂ ಕೂಸಿಗೆ ಬಾಣಂತಿಗೆ ಹಗಲಿನ ಸೊಳ್ಳಿ ಪರದೆ, ಇವು ನಿಮಗ ಗೊತ್ತಿದ್ದವ.

ಹೆಜ್ಜೆ ಮೂರು: ಜ್ವರ ಬಂದ್ರ ದಿನ ಎಣಸ್ರಿ

ಜ್ವರ ಹತ್ತಿದ ದಿನಾನ ಮೊದಲ್ನೇ ದಿನ, ಕ್ಯಾಲೆಂಡರದಾಗ ಗುರುತ ಹಾಕ್ರಿ. ಡಾಕ್ಟರ್ ಕೇಳೂ ಮೊದಲ ಪ್ರಶ್ನೆನೂ ಇದ, "ಎಷ್ಟ ದಿನ ಆತ್ರಿ?", ಮತ್ತ ಎಲ್ಲಾ ಟೆಸ್ಟು, ಎಲ್ಲಾ ಎಚ್ಚರಿಕಿ ಈ ಲೆಕ್ಕದ ಮ್ಯಾಲ ನಿಂತೈತಿ. ಡೆಂಗ್ಯೂ ಜ್ವರ ಸಾಮಾನ್ಯವಾಗಿ ಒಮ್ಮೆಲೆ ಏರತೈತಿ, ತಲಿನೋವು, ಕಣ್ಣಿನ ಹಿಂದ ನೋವು, ಮೈ ಕೈ ಕೀಲು ಎಲ್ಲಾ ಮುರದಂಗ, ವಾಕರಿಕಿ, ಕೆಲವರಿಗೆ ಮೈಮ್ಯಾಲ ಕೆಂಪು ಗುಳ್ಳಿ. ನೆಗಡಿ ಕೆಮ್ಮು ಜೋರ ಇದ್ರ ಬ್ಯಾರೆ ವೈರಲ್ ಇರೂದು ಹೆಚ್ಚು, ಚಿಕೂನ್‌ಗುನ್ಯಾ ಆದ್ರ ಕೀಲು ನೋವು ಅತಿ ಮತ್ತ ತಿಂಗಳಾನಗಟ್ಟಲೆ ಉಳಿಬಹುದು, ನಡುಗಿಸಿ ಬಿಟ್ಟು ಬಿಟ್ಟು ಬರೂ ಜ್ವರಕ್ಕ ಮಲೇರಿಯಾ ರಕ್ತ ಪರೀಕ್ಷಾ ಮಾಡಸಬೇಕು, ದಿನದಿಂದ ದಿನಕ್ಕ ಏರಕೋತ ಹೋಗಿ ವಾರ ದಾಟಿದ್ರ, ಹೊಟ್ಟಿ ಕೆಟ್ಟಿದ್ರ ಟೈಫಾಯ್ಡ್ ನೆನಪಾಗಬೇಕು. ಹಾವೇರಿ, ಧಾರವಾಡದ ಹಳ್ಯಾಗ ಹೊಲಕ್ಕ ಹೋಗೂ ಮಂದಿ ಜ್ವರ ಬಂದಾಗ ಬಗಲು, ತೊಡಿಸಂದಿ, ಸೊಂಟದ ಸುತ್ತ ನೋಡಕೊಳ್ರಿ, ಸುಟ್ಟಂಗ ಕರೆ ಹಕ್ಕಳಿ ಇದ್ರ ಡಾಕ್ಟರಿಗೆ ತೋರಸ್ರಿ, ಅದು ಗಿಡಗಂಟಿಯಾಗಿನ ಸಣ್ಣ ಹುಳ ಕಡದು ಬರೂ ಸ್ಕ್ರಬ್ ಟೈಫಸ್ ಇರಬಹುದು, ಅದಕ್ಕ ಬ್ಯಾರೇನ ಔಷಧ. ಆದ್ರ ಲಕ್ಷಣ ನೋಡಿ ಮನ್ಯಾಗ ಕುಂತು ತೀರ್ಮಾನ ಮಾಡೂದು ಆಗಂಗಿಲ್ಲ, ಎರಡ ದಿನದಾಗ ಜ್ವರ ಇಳಿಲಿಲ್ಲಂದ್ರ ತೋರಸ್ರಿ, ಕೂಸು, ಬಸರಿ ಹೆಂಗಸು, ವಯಸ್ಸಾದವ್ರು, ಶುಗರ್ ಇದ್ದವ್ರು ಅಷ್ಟೂ ತಡಿಯಬ್ಯಾಡ್ರಿ. ಮನಿ ಹತ್ತರ ಸರ್ಕಾರದ 'ನಮ್ಮ ಕ್ಲಿನಿಕ್' ಇದ್ರ ಅಲ್ಲೇ ಮೊದಲ ತೋರಸಬಹುದು, 2022ರ ಡಿಸೆಂಬರದಾಗ ಅವು ಶುರುವಾದದ್ದ ನಮ್ಮ ಹುಬ್ಬಳ್ಳಿಯ ಭೈರಿದೇವರಕೊಪ್ಪದಿಂದ.

ಟೆಸ್ಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳತೇನಿ, ಯಾಕಂದ್ರ ಇಲ್ಲೇ ರೊಕ್ಕ ಹಾಳಾಗೂದು. ಮೊದಲ ಐದ ದಿನದೊಳಗ ಎನ್‌ಎಸ್1 ಟೆಸ್ಟ್, ವೈರಸ್ಸಿನ ತುಣುಕನ್ನ ಹುಡುಕತೈತಿ. ಐದ ದಿನ ಆದ ಮ್ಯಾಲ ಐಜಿಎಂ, ಅದು ನಮ್ಮ ದೇಹ ತಯಾರ ಮಾಡಿದ ಪ್ರತಿಕಾಯ ಹುಡುಕತೈತಿ. ಏಳನೇ ದಿನ ಎನ್‌ಎಸ್1 ಮಾಡಿಸಿ ನೆಗೆಟಿವ್ ಬಂತು ಅಂತ ನಿರಾಳ ಆಗಬ್ಯಾಡ್ರಿ, ಮೊದಲ್ನೇ ದಿನ ಐಜಿಎಂ ಮಾಡಿಸಿ ನೆಗೆಟಿವ್ ಅಂತಾನೂ ಆಗಬ್ಯಾಡ್ರಿ. ಐಜಿಜಿ ಅನ್ನೂ ಇನ್ನೊಂದು ಪ್ರತಿಕಾಯ ಒಂದ ಪಾಸಿಟಿವ್ ಇದ್ರ ಅದು ಹಿಂದ ಎಂದೋ ಆಗಿ ಹೋದದ್ದು ಇರಬಹುದು. ಆಗಿಂದಾಗ ಗೆರಿ ತೋರಸೂ ಕಾರ್ಡ್ ಟೆಸ್ಟಿಗಿಂತ ಲ್ಯಾಬಿನಾಗ ಮಶೀನಿಲೆ ಮಾಡೂ ಎಲೈಸಾ ಟೆಸ್ಟ್ ನಂಬಿಗಿಗೆ ಹತ್ತರ, ಸರ್ಕಾರ ಕೇಸ್ ಅಂತ ಲೆಕ್ಕ ಹಿಡಿಯೂದೂ ಎಲೈಸಾನ. ಹುಬ್ಬಳ್ಳಿಯೊಳಗ ಮಂದಿ ಕಿಮ್ಸ್ ಅಂತ ಕರಿಯೂ ಸರ್ಕಾರಿ ದವಾಖಾನಿ, ಧಾರವಾಡದಾಗ ಜಿಲ್ಲಾ ಆಸ್ಪತ್ರೆ, ಗದಗ ಹಾವೇರಿಯೊಳಗ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿ, ಎಲ್ಲಿ ಹತ್ತರ ಆಗತೈತೋ ಅಲ್ಲಿ ಕೇಳ್ರಿ. ಪ್ರೈವೇಟ್ ಲ್ಯಾಬಿಗೆ ಹೋದ್ರ 2024ರ ಜುಲೈದಾಗ ಸರ್ಕಾರ ದರ ಕಟ್ಟಿ ಹಾಕೈತಿ, ಎನ್‌ಎಸ್1 ಎಲೈಸಾಕ್ಕ 300, ಐಜಿಎಂಕ್ಕ 300 ರೂಪಾಯಿ, ಅದಕ್ಕಿಂತ ಹೆಚ್ಚು ಕೇಳಿದ್ರ ರಸೀದಿ ಕೇಳ್ರಿ.

ಗುಳಿಗಿ ಅಂದ್ರ ಪ್ಯಾರಾಸಿಟಮಾಲ್ ಒಂದ. ದೊಡ್ಡವ್ರಿಗೆ 500 ಇಲ್ಲಾ 650 ಮಿಲಿಗ್ರಾಂ, ಒಂದ ತಗೊಂಡ್ರ ಆರ ತಾಸು ಬಿಟ್ಟು ಇನ್ನೊಂದು, ದಿನಕ್ಕ ನಾಕರ ಮ್ಯಾಲ ಹೋಗಬ್ಯಾಡ್ರಿ. ಹುಡುಗ್ರಿಗೆ ತೂಕದ ಮ್ಯಾಲ, ಸಿರಪ್ ಬಾಟಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇದ್ದದ್ದು ಬ್ಯಾರೆ, 250 ಇದ್ದದ್ದು ಬ್ಯಾರೆ ಇರತಾವು, ಹಳೆ ಬಾಟಲಿ ಅಳತಿ ಹೊಸಾದಕ್ಕ ಹಚ್ಚಬ್ಯಾಡ್ರಿ, ಡಾಕ್ಟರಿಗೆ ಕೇಳ್ರಿ. ಬ್ರೂಫೆನ್, ಕಾಂಬಿಫ್ಲಾಮ್, ಆಸ್ಪಿರಿನ್, ಡೈಕ್ಲೋಫೆನಾಕ್, ಇವು ನೋವಿಗೆ ಆರಾಮ ಅನಸಿದ್ರೂ ಡೆಂಗ್ಯೂದಾಗ ರಕ್ತಸ್ರಾವ ಹೆಚ್ಚ ಮಾಡಬಹುದು, ಹೊಟ್ಟಿಗೆ ಕೆಡಕು. ಮೆಡಿಕಲ್ ಅಂಗಡ್ಯಾಗ "ಮೈಕೈ ನೋವಿಗೆ ಏನರ ಕೊಡ್ರಿ" ಅಂತ ಕೇಳಬ್ಯಾಡ್ರಿ, ಕುಂಡಿಗೆ ಒಂದ ಇಂಜೆಕ್ಷನ್ ಹಾಕ್ರಿ ಅಂತ ಡಾಕ್ಟರಿಗೆ ಗಂಟು ಬೀಳಬ್ಯಾಡ್ರಿ, ಪ್ಲೇಟ್‌ಲೆಟ್ (ರಕ್ತ ಸೋರೂದನ್ನ ನಿಲ್ಲಸೂ ಕಣ) ಇಳದಾಗ ಆ ಜಾಗದಾಗ ಒಳಗ ರಕ್ತ ಸೋರಿ ಗಂಟ ಕಟ್ಟಬಹುದು. ಹಾರ್ಟಿನ ಸಲುವಾಗಿ ದಿನಾ ಆಸ್ಪಿರಿನ್ ತಗೊಳ್ಳೂವ್ರು ತಾವ ಬಿಡೂದೂ ಬ್ಯಾಡ, ಮುಂದವರಸೂದೂ ಬ್ಯಾಡ, ಡಾಕ್ಟರಿಗೆ ಹೇಳ್ರಿ.

ನೀರು ಕುಡಸೂದು ಔಷಧದಷ್ಟ ದೊಡ್ಡದು. ಮಜ್ಜಿಗಿ, ಗಂಜಿ, ಎಳನೀರು, ಬ್ಯಾಳಿ ಕಟ್ಟು, ಓಆರ್‌ಎಸ್, ರೋಗಿಗೆ ಯಾವುದು ಒಳಗ ಹೋಗತೈತೋ ಅದು, ಸ್ವಲ್ಪ ಸ್ವಲ್ಪ, ಮ್ಯಾಲಿಂದ ಮ್ಯಾಲ. ದೊಡ್ಡವ್ರಿಗೆ ದಿನಕ್ಕ ಎರಡೂವರಿ ಲೀಟರ್ ಆಸುಪಾಸು. ಸರಿ ಹೊಂಟೈತೋ ಇಲ್ಲೋ ಅಂತ ತಿಳಿಯಾಕ ಒಂದ ಗುರುತು, ನಾಕರಿಂದ ಆರ ತಾಸಿಗೊಮ್ಮೆಯರ ಮೂತ್ರ ಆಗಬೇಕು. ಮತ್ತ ರೋಗಿನ ಹಗಲಿ ಪರದೆ ಒಳಗ ಮಲಗಸ್ರಿ, ಜ್ವರದ ಮೊದಲ ದಿನಗಳೊಳಗ ಅವರನ್ನ ಕಡದ ಸೊಳ್ಳಿ ವಾರ ಹತ್ತ ದಿನದಾಗ ತಾನ ವೈರಸ್ ಹರಡಾಕ ತಯಾರಾಗತೈತಿ, ಆಮ್ಯಾಲ ಮನ್ಯಾಗ ಎರಡ್ನೇದವ್ರು, ಮೂರ್ನೇದವ್ರು.

ಜ್ವರ ಇಳದ ದಿನ

ಇದನ್ನ ದೊಡ್ಡ ಅಕ್ಷರದಾಗ ಬರಿಯಬೇಕು ಅನಸತೈತಿ. ಬ್ಯಾರೆ ಜ್ವರದಾಗ ಜ್ವರ ಇಳೀತಂದ್ರ ಆರಾಮ ಆತು. ಡೆಂಗ್ಯೂದಾಗ ಮೂರರಿಂದ ಏಳ್ನೇ ದಿನದೊಳಗ ಜ್ವರ ಇಳೀತೈತಿ, ಮತ್ತ ಅಲ್ಲಿಂದ 24ರಿಂದ 48 ತಾಸು ಅತಿ ನಾಜೂಕಿನ ಹೊತ್ತು. ಬಹಳ ಮಂದಿಗೆ ಏನೂ ಆಗದ ದಾಟಿ ಹೋಗತೈತಿ. ಕೆಲವರಿಗೆ ರಕ್ತನಾಳದ ಗ್ವಾಡಿ ಸಡಲ ಆಗಿ ರಕ್ತದಾಗಿನ ನೀರಿನಂಶ ಹೊಟ್ಟಿಯಾಗ, ಎದಿಯಾಗ ಸೋರತೈತಿ, ಉಳಿದ ರಕ್ತ ಗಟ್ಟಿ ಆಗತೈತಿ, ಬಿಪಿ ಬೀಳತೈತಿ. ಡೆಂಗ್ಯೂದಾಗ ಜೀವ ಹೋಗೂದು ಬಹುತೇಕ ಈ ಸೋರಿಕೆಯಿಂದ, ಪ್ಲೇಟ್‌ಲೆಟ್ ಕಡಿಮಿ ಆದದ್ದರಿಂದ ಅಷ್ಟ ಅಲ್ಲ.

ಅದಕ್ಕ ಆ ಎರಡ ದಿನ ಮನ್ಯಾಗ ಒಬ್ಬರು ಸಾಲಿಗೆ, ಕೆಲಸಕ್ಕ ರಜಾ ಹಾಕಿ ಬಾಜೂಕ ಇರ್ರಿ. ಹೊಟ್ಟಿ ಜೋರ ನೋವು, ಬಿಡದ ವಾಂತಿ, ಒಸಡು ಮೂಗಿನಾಗ ರಕ್ತ, ಕರೆ ಸಂಡಾಸ, ಹೆಣ್ಮಕ್ಕಳಿಗೆ ಮುಟ್ಟಿನ ರಕ್ತ ವಿಪರೀತ ಹೋಗೂದು, ಉಸಿರು ಮ್ಯಾಲ ಮ್ಯಾಲ ಬರೂದು, ಆರ ತಾಸು ಮೂತ್ರ ಇಲ್ಲದಿರೂದು, ಇವು ಅಪಾಯದ ಗುರುತು. ಹುಡುಗ್ರೊಳಗ ಇದು ಹೆಂಗ ಕಾಣತೈತಿ ಅಂದ್ರ ಮೈ ಮುಟ್ಟಿದ್ರ ಜ್ವರ ಇಲ್ಲ, ಆದ್ರ ಕೈ ಕಾಲ ತಣ್ಣಗ ಬೆವತು ಅಂಟಂಟ, ಕರದ್ರ ಹ್ಞೂಂ ಅಂತೈತಿ ಮತ್ತ ಕಣ್ಣ ಮುಚ್ಚತೈತಿ, ಇಲ್ಲಾ ಸುಮ್ನ ಹೊಳ್ಳಾಡಿ ಕಿರಿಕಿರಿ ಮಾಡತೈತಿ. "ಜ್ವರ ಹೋಗೈತಿ, ಸುಸ್ತಾಗೈತಿ, ಮಲಗಲಿ ಬಿಡವಾ" ಅಂತ ಮನಿ ಹಿರ್ಯಾರು ಪ್ರೀತಿಲೆನ ಹೇಳತಾರ. ಮಲಗಾಕ ಬಿಡಬ್ಯಾಡ್ರಿ, ಆಗಿಂದಾಗ ದೊಡ್ಡ ದವಾಖಾನಿಗೆ ಒಯ್ಯರಿ, ಗಾಡಿ ಇಲ್ಲಂದ್ರ 108ಕ್ಕ ಫೋನ್ ಹಚ್ಚರಿ.

ಮೂರ್ನೇ ದಿನದಿಂದ ಡಾಕ್ಟರ್ ಹೇಳಿದಂಗ ಸಿಬಿಸಿ ಅನ್ನೂ ರಕ್ತಕಣ ಎಣಸೂ ಟೆಸ್ಟ್ ಮಾಡಸ್ರಿ. ರಿಪೋರ್ಟ್ ಬಂದ ಕೂಡಲೆ ಎಲ್ಲಾರ ಕಣ್ಣು ಪ್ಲೇಟ್‌ಲೆಟ್ ಮ್ಯಾಲ ಹೋಗತೈತಿ, ಲಕ್ಷದ ಕೆಳಗ ಬಂದ್ರ ಸಂಬಂಧಿಕರ ವಾಟ್ಸಾಪ್ ಗ್ರೂಪಿನಾಗ ರಕ್ತಕ್ಕ ಓಡಾಟ ಶುರು. ಅದ ರಿಪೋರ್ಟಿನಾಗ ಪಿಸಿವಿ ಅಂತ ಒಂದ ಸಾಲು ಇರತೈತಿ, ಹಿಮಟೋಕ್ರಿಟ್ ಅಂತಾನೂ ಬರದಿರತಾರ, ಅದು ಏರಾಕತ್ತೈತಿ ಏನು ಅಂತ ಡಾಕ್ಟರಿಗೆ ಕೇಳ್ರಿ, ರಕ್ತ ಗಟ್ಟಿ ಆಗಾಕತ್ತಿದ್ದು ಅದರಾಗ ಗೊತ್ತಾಗತೈತಿ. ರಕ್ತಸ್ರಾವ ಇಲ್ಲದಿದ್ರ ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗ ಇಳಿಯೂತನ ಸಾಮಾನ್ಯವಾಗಿ ಏರಿಸೂ ಜರೂರ ಬರಂಗಿಲ್ಲ, ಸುಮ್ನ ಏರಿಸಿದ್ರ ಅದರದ ಬ್ಯಾರೆ ತೊಂದ್ರಿ. ಪಪ್ಪಾಯಿ ಎಲಿ ರಸ ಕುಡಿಸಿ ದವಾಖಾನಿ ತಪ್ಪಸೂದು ಮಾತ್ರ ಬ್ಯಾಡ, ಕೈಯಾಗ ಇರೂ ತಾಸುಗಳು ಅದರಾಗ ಹೋಗತಾವು, ಕಹಿ ರಸಕ್ಕ ವಾಂತಿ ಹೆಚ್ಚಾದ್ರ ಒಳಗಿನ ನೀರೂ ಹೋಗತೈತಿ.

ಡೆಂಗ್ಯೂ ವೈರಸ್ಸಿನಾಗ ನಾಕ ನಮೂನಿ ಅದಾವು. ಒಂದ ಬಂದು ಹೋದ್ರ ಅದೊಂದ ಮತ್ತ ಬರಂಗಿಲ್ಲ ಅಷ್ಟ, ಉಳಿದ ಮೂರು ಬರಬಹುದು, ಎರಡ್ನೇ ಸಲ ಬಂದದ್ದು ಜೋರ ಆಗೂ ಸಾಧ್ಯತಾ ಹೆಚ್ಚು. ಹಿಂದ ಆಗಿದ್ದವ್ರು ಡಾಕ್ಟರಿಗೆ ಮೊದಲ ಹೇಳ್ರಿ.

ಅದ ನೀರಿನ ಇನ್ನೊಂದು ಕೆಲಸ

ಬ್ಯಾರಲ್ ತಿಕ್ಕೂ ದಿನಾನ ಮಾಡಬಹುದಾದ ಇನ್ನೊಂದು ಸಣ್ಣ ಕೆಲಸ ಐತಿ. ನಳ ಬಂದ್ ಇದ್ದ ದಿನಗಳೊಳಗ ಪೈಪಿನಾಗ ಒತ್ತಡ ಇರಂಗಿಲ್ಲ, ಎಲ್ಲೆರ ತೂತಿದ್ರ ಸುತ್ತಲಿನ ಹೊಲಸು ಒಳಗ ಇಳೀತೈತಿ, ಅದಕ್ಕ ಬಿಟ್ಟ ಕೂಡಲೆ ಬರೂ ನೀರು ಭಾಳ ಕೆಟ್ಟದ್ದು. ಮೊದಲ ಒಂದೆರಡ ಬಕೆಟ್, ಬಣ್ಣ ವಾಸನಿ ತಿಳಿ ಆಗೂತನ, ಬಚ್ಚಲಾ ಅಂಗಳ ತೊಳಿಯಾಕ ತಗೊಳ್ರಿ, ಕುಡಿಯೂ ಕೊಡ ಆಮ್ಯಾಲ ಹಿಡೀರಿ. ಕುಡಿಯೂ ನೀರು ಕೊತಕೊತ ಕುದಿಸಿ ಆರಿಸಿ ಮುಚ್ಚಿಡ್ರಿ, ಕೈ ಅದ್ದಬ್ಯಾಡ್ರಿ, ಹಿಡಿಕಿ ಇರೂ ಚರಗಿಲೆ ತಗೀರಿ. ಹುಬ್ಬಳ್ಳಿ-ಧಾರವಾಡದಾಗ 24 ತಾಸು ನೀರಿನ ವಾರ್ಡು ಮತ್ತ ದಿನ ಬಿಟ್ಟು ಬರೂ ವಾರ್ಡು ಹೋಲಿಸಿ ಮಾಡಿದ ಅಧ್ಯಯನ ಒಂದು 2015ರಾಗ ಪ್ರಕಟ ಆಗೈತಿ, ಅದರಾಗ 24 ತಾಸು ನೀರಿನ ಮನಿಗಳೊಳಗ ಟೈಫಾಯ್ಡ್ ಕಡಿಮಿ ಕಂಡಿತ್ತು. ಪೂರ್ತಿ ಊರಿಗೆ ಹಂಗ ನೀರು ಬರೂದು ನಮ್ಮ ಹಕ್ಕು, ವಾರ್ಡ್ ಸದಸ್ಯರ ಮುಂದ ಕೂಡಿ ಕೇಳಬೇಕಾದ ಮಾತು ಅದು, ಬರೂತನ ಕುದಸೂದು ತಿಕ್ಕೂದು ತಪ್ಪಂಗಿಲ್ಲ.

ಇನ್ನ ಓಣ್ಯಾಗ ಡೆಂಗ್ಯೂ ಕೇಸ್ ಖಾತ್ರಿ ಆದ್ರ ಮುಚ್ಚಿಡಬ್ಯಾಡ್ರಿ, ಆಶಾ ಕಾರ್ಯಕರ್ತೆಗೆ ಇಲ್ಲಾ ಹತ್ತರದ ಆರೋಗ್ಯ ಕೇಂದ್ರಕ್ಕ ತಿಳಸ್ರಿ, 104ಕ್ಕ ಫೋನ್ ಹಚ್ಚಿದ್ರೂ ದಾರಿ ಹೇಳತಾರ. ಅವರು ಸುತ್ತಲಿನ ಮನಿ ಸರ್ವೆಕ್ಕ ಬಂದಾಗ ಬಾಗಲಾ ತಗದು ಹಿತ್ತಲಾ, ಮಾಳಗಿ, ಸಂಪು ಎಲ್ಲಾ ತೋರಸ್ರಿ. ಕೀಲಿ ಹಾಕಿದ ಮನಿ, ಅರ್ಧಕ್ಕ ನಿಂತ ಕಟ್ಟಡ ಯಾವ್ಯಾವು ಅದಾವು ಅಂತ ನಿಮಗ ಗೊತ್ತಿರತೈತಿ, ಅವರಿಗೆ ಗೊತ್ತಿರಂಗಿಲ್ಲ, ಅವರ ಸಂಗ್ತಿ ಹೋಗಿ ತೋರಸ್ರಿ, ಮಾಲಕರ ಫೋನ್ ನಂಬರ್ ಗೊತ್ತಿದ್ರ ಅಲ್ಲೇ ಹಚ್ಚಿ ಕೊಡ್ರಿ.